ಬಾವಿಯ ಹತ್ತಿರ

ಆ ಊರಿನ ಯಂತ್ರಗಳಿಗೆ ನೆನಪಿರಲಿಲ್ಲ. ಆರಿಸಿದೊಡನೆ ಎಲ್ಲವನ್ನೂ ಮರೆತುಬಿಡುತ್ತಿದ್ದವು. ಯಾರು ಆಡಿದರು, ಎಷ್ಟು ದೂರ ಹೋದರು, ಎಲ್ಲಿ ಸೋತರು, ಯಾವುದೂ ಅವುಗಳಲ್ಲಿ ಉಳಿಯುತ್ತಿರಲಿಲ್ಲ. ಆದ್ದರಿಂದ ನೆನಪಿಡುವ ಕೆಲಸವನ್ನು ಊರು ತಾನೇ ವಹಿಸಿಕೊಂಡಿತ್ತು.

ಮನೆಗೊಂದು ಒಲೆ ಇದ್ದ ಹಾಗೆ ಮನೆಗೊಂದು ಯಂತ್ರವಿತ್ತು. ಊಟದ ಮಣೆಯಷ್ಟು ಅಗಲದ ಕಂಪ್ಯೂಟರು, ಅದರ ಮೈಮೇಲೆಯೇ ಕೀಗಳು, ಪಕ್ಕದಲ್ಲಿ ಟೇಪ್ ರೆಕಾರ್ಡರು, ಎದುರಿಗೆ ಉಬ್ಬು ಗಾಜಿನ ಟಿವಿ. ಮೊದಲ ಹಾಲುಹಲ್ಲು ಬಿದ್ದ ದಿನ ಮಗುವಿನ ಕೈಗೆ ಒಂದು ಕ್ಯಾಸೆಟ್ಟು ಕೊಡುತ್ತಿದ್ದರು. ಒಂದು ಕ್ಯಾಸೆಟ್ಟಿನಲ್ಲಿ ಒಂದೇ ಆಟ. ಬದುಕಿರುವಷ್ಟು ಕಾಲವೂ ಅದೇ ಆಟ. ಒಬ್ಬರಿಗೆ ಗೋಡೆ ಒಡೆಯುವ ಚೆಂಡು ಬರುತ್ತಿತ್ತು, ಒಬ್ಬರಿಗೆ ಆಕಾಶದಿಂದ ಸಾಲುಗಟ್ಟಿ ಇಳಿಯುವ ಹುಳುಗಳು, ಇನ್ನೊಬ್ಬರಿಗೆ ನದಿ ದಾಟಲು ಕಾಯುವ ಆಮೆ.

ಟೇಪು ತಿರುಗಿದಾಗ ಕೀರಲು ಸದ್ದೊಂದು ಹೊರಡುತ್ತಿತ್ತು. ಟಿವಿಯ ಅಂಚಿನಲ್ಲಿ ಕೆಂಪು ನೀಲಿ ಹಳದಿ ಪಟ್ಟಿಗಳು ಓಡುತ್ತಿದ್ದವು. ಆ ಸದ್ದೇ ಆಟ. ಸದ್ದಿಗೆ ಬೇರೆ ಸದ್ದು ಬೆರೆತರೆ ಆಟ ಕೆಡುತ್ತದೆಂದು ಊರು ನಂಬಿತ್ತು. ಆದ್ದರಿಂದ ಯಾವ ಮನೆಯಲ್ಲಿ ಟೇಪು ಕೂಗಿದರೂ ಆ ಬೀದಿ ನಿಂತುಬಿಡುತ್ತಿತ್ತು. ರುಬ್ಬುವ ಕೈ ಗುಂಡಿನ ಮೇಲೆಯೇ ತಡೆಯುತ್ತಿತ್ತು. ಹೂವಿನವಳು ತನ್ನ ಕೂಗನ್ನು ಬಾಯಲ್ಲೇ ಹಿಡಿದುಕೊಳ್ಳುತ್ತಿದ್ದಳು. ನಡೆಯುತ್ತಿದ್ದವರು ಎತ್ತಿದ ಕಾಲನ್ನು ಮೆಲ್ಲಗೆ ಇಳಿಸಿ ನಿಲ್ಲುತ್ತಿದ್ದರು. ಪಟ್ಟಿಗಳು ಅಳಿಸಿ ಚಿತ್ರ ಮೂಡಿದಾಗ ಒಳಗಿನಿಂದ ಯಾರೋ ಒಬ್ಬರು ‘ಬಂತು’ ಎನ್ನುತ್ತಿದ್ದರು. ಆಗ ಬೀದಿ ಮತ್ತೆ ನಡೆಯುತ್ತಿತ್ತು.

ಸಂಜೆ ಜಗಲಿಗಳ ಮೇಲೆ ಜನ ಒಬ್ಬರನ್ನೊಬ್ಬರು ಕೇಳುತ್ತಿದ್ದ ಮಾತು ‘ಇವತ್ತು ಎಲ್ಲಿ?’ ಎಂದು. ಇವತ್ತು ಎಲ್ಲಿ ಸೋತೆ ಎಂದು ಅದರ ಅರ್ಥ. ಗೆದ್ದೆಯಾ ಎಂದು ಯಾರೂ ಕೇಳುತ್ತಿರಲಿಲ್ಲ. ಆ ಆಟಗಳ ಕೊನೆಯನ್ನು ಕಂಡವರು ಊರಲ್ಲಿ ಇರಲಿಲ್ಲ. ಆದರೆ ಒಬ್ಬೊಬ್ಬರಿಗೂ ತಾವು ಸೋಲುವ ಜಾಗ ಒಂದಿರುತ್ತಿತ್ತು, ಮುಖಕ್ಕೊಂದು ಮಚ್ಚೆ ಇರುವ ಹಾಗೆ. ಆ ಜಾಗದಿಂದಲೇ ಅವರನ್ನು ಗುರುತಿಸುತ್ತಿದ್ದರು.

ಊರಿಗೆ ಒಂದು ಕಟ್ಟಳೆ ಇತ್ತು. ಯಾರಾದರೂ ತೀರಿಕೊಂಡರೆ, ಮನೆಯವರೊಬ್ಬರು ಅವರ ಟೇಪನ್ನು ಹಾಕಿ, ಅವರ ಆಟವನ್ನು ಆಡಿ, ಅವರು ಸೋಲುತ್ತಿದ್ದ ಜಾಗವನ್ನು ಮುಟ್ಟಿ, ಅಲ್ಲಿಯೇ ತಾವೂ ಸೋಲಬೇಕು. ಇದನ್ನು ಜೊತೆಬೀಳುವುದು ಎನ್ನುತ್ತಿದ್ದರು. ಜೊತೆಬೀಳುವ ತನಕ ಹೋದವರ ಹೆಸರನ್ನು ಯಾರೂ ಎತ್ತುವಂತಿರಲಿಲ್ಲ. ಬಿದ್ದ ಮೇಲೆ ಹೆಸರು ಮನೆಗೆ ಮರಳುತ್ತಿತ್ತು, ಟೇಪು ಇನ್ನೊಂದು ಮಗುವಿಗೆ ಹೋಗುತ್ತಿತ್ತು. ಬೇಕೆಂದೇ ಬೀಳುವಂತಿರಲಿಲ್ಲ, ಅದು ನಾಟಕ. ಆ ಜಾಗವನ್ನು ದಾಟಿ ಮುಂದೆ ಹೋಗುವಂತೆಯೂ ಇರಲಿಲ್ಲ, ಅದು ಸತ್ತವರನ್ನು ಬಿಟ್ಟು ನಡೆದಂತೆ. ದಾಟಿದರೆ ಆ ಹೆಸರು ಮತ್ತೆಂದೂ ಯಾರ ಬಾಯಲ್ಲೂ ಬರಕೂಡದು. ಬೀಳುವ ಮೊದಲೇ ಟೇಪು ಸವೆದು ಹೋದರೂ ಅಷ್ಟೇ.

ಬಿದ್ದದ್ದು ನಿಜವೋ ನಾಟಕವೋ ಎಂದು ನೋಡಿ ಹೇಳಲು ಟೇಪಿನಜ್ಜಿ ಎಂಬ ಮುದುಕಿ ಇದ್ದಳು. ಅವಳು ಆಡುವವರ ಹಿಂದೆ ಕೂರುತ್ತಿದ್ದಳು. ಟಿವಿ ನೋಡುತ್ತಿರಲಿಲ್ಲ, ಕೈಗಳನ್ನು ನೋಡುತ್ತಿದ್ದಳು.

ಹೆಚ್ಚಿನವರಿಗೆ ಇದು ಕಷ್ಟವಾಗುತ್ತಿರಲಿಲ್ಲ. ಸತ್ತವರ ಜಾಗ ಬಂದಾಗ ಕಣ್ಣು ತುಂಬಿಬರುತ್ತಿತ್ತು, ಕೈ ನಡುಗುತ್ತಿತ್ತು, ಬೀಳುವುದು ತಾನಾಗಿಯೇ ಆಗುತ್ತಿತ್ತು.

ಆ ಊರಲ್ಲಿ ತೂಕದವನೊಬ್ಬನಿದ್ದ. ಅಂಗಡಿಗಳ ತಕ್ಕಡಿ ಸರಿಯಿದೆಯೇ ಎಂದು ನೋಡುವುದು ಅವನ ಕೆಲಸ. ಹಿತ್ತಾಳೆಯ ತೂಕದ ಬಟ್ಟುಗಳ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಅಂಗಡಿಯಿಂದ ಅಂಗಡಿಗೆ ಹೋಗಿ, ಬಟ್ಟು ಇಟ್ಟು, ಮುಳ್ಳು ನೆಟ್ಟಗೆ ನಿಲ್ಲುವವರೆಗೆ ಕಾಯುತ್ತಿದ್ದ. ಅವನು ಅವಸರಪಟ್ಟದ್ದನ್ನು ಕಂಡವರಿಲ್ಲ. ಬೆಲ್ಲದ ಅಚ್ಚನ್ನು ಅಂಗೈಯಲ್ಲಿ ಇಟ್ಟುಕೊಂಡರೆ ಸಾಕು, ಅದರ ತೂಕ ಅವನಿಗೆ ತಿಳಿಯುತ್ತಿತ್ತು. ಅಂಗಡಿಯವರು ತಕ್ಕಡಿಗೆ ಹೆದರದಿದ್ದರೂ ಅವನ ಕೈಗೆ ಹೆದರುತ್ತಿದ್ದರು.

ಅವನಿಗೆ ಒಬ್ಬಳೇ ಮಗಳು. ಅವಳ ಆಟದಲ್ಲಿ ಒಂದು ಬೊಂಬೆ ಇತ್ತು. ಕೆಲವೇ ಬಿಳಿ ಚೌಕಗಳಿಂದ ಆದ ಬೊಂಬೆ, ಕೈಯಲ್ಲಿ ಒಂದು ಹಳದಿ ಚೌಕದ ದೀಪ. ಅದು ನೆಲದಡಿಯ ಕೋಣೆಗಳಲ್ಲಿ ನಡೆಯುತ್ತಿತ್ತು. ಪರದೆಯ ಕೆಳಗೆ ಎಣ್ಣೆಯ ಪಟ್ಟಿಯೊಂದು ಮೆಲ್ಲಗೆ ಕಿರಿದಾಗುತ್ತ ಬರುತ್ತಿತ್ತು. ಅದು ತೀರಿದರೆ ದೀಪ ಆರಿ ಆಟ ಮುಗಿಯುತ್ತಿತ್ತು. ಒಂದು ಕೋಣೆಯಲ್ಲಿ ಬಾವಲಿಗಳಿದ್ದವು, ಮುಂದಿನದರಲ್ಲಿ ಹೋಗಿಬಂದು ಮಾಡುವ ಹಲಗೆ, ಅದರ ಮುಂದೆ ಉರುಳುವ ಬಂಡೆ. ಅದನ್ನೂ ದಾಟಿದರೆ ಬಾವಿಯ ಕೋಣೆ. ಅಲ್ಲಿ ಬಾವಲಿಯಿಲ್ಲ, ಬಂಡೆಯಿಲ್ಲ. ಕೋಣೆಯ ನಡುವೆ ಅಗಲವಾದ ಒಂದು ಬಾವಿ, ಆಚೆ ದಡದಲ್ಲಿ ಒಂದು ಬಾಗಿಲು, ಅಷ್ಟೇ. ಕೀಯ ಮೇಲೆ ಭಾರ ಬಿಟ್ಟಷ್ಟೂ ಬೊಂಬೆ ದೂರ ಹಾರುತ್ತಿತ್ತು.

ಮಗಳು ದಿನಾ ಸೋಲುತ್ತಿದ್ದದ್ದು ಅಲ್ಲಿಯೇ. ಜಗಲಿಯಲ್ಲಿ ಯಾರೇ ‘ಇವತ್ತು ಎಲ್ಲಿ?’ ಎಂದರೂ ‘ಬಾವಿ ಹತ್ತಿರ’ ಎನ್ನುತ್ತಿದ್ದಳು. ಬೀದಿಯ ಮಕ್ಕಳು ಅವಳಿಗೆ ಬಾವಿಕಪ್ಪೆ ಎಂದು ಹೆಸರಿಟ್ಟಿದ್ದರು. ಕಪ್ಪೆಗೆ ಬಾವಿ ಇಷ್ಟ, ನಿಮಗೇನು ಕಷ್ಟ ಎಂದು ಅವಳು ನಗುತ್ತಿದ್ದಳು.

ತೂಕದವನಿಗೆ ಇದು ಸರಿಕಾಣಲಿಲ್ಲ. ಮೂರು ಕೋಣೆಗಳನ್ನು ಅಷ್ಟು ಚೆನ್ನಾಗಿ ದಾಟುವವಳು ಒಂದು ಹಾರಿಕೆಗೆ ಸೋಲುವುದೆಂದರೇನು? ಒಂದು ಸಲ ಅವಳನ್ನು ಎದುರಿಗೆ ಕೂರಿಸಿಕೊಂಡು ಅವಳ ಬೆರಳಿನ ಮೇಲೆ ಚಿಕ್ಕ ಬಟ್ಟೊಂದನ್ನು ಇಟ್ಟ. ಇಷ್ಟು ಭಾರ ಬಿಟ್ಟರೆ ನೀರಿಗೆ ಬೀಳ್ತೀಯ, ಎಂದು ಹೇಳಿ ಇನ್ನೊಂದು ಬಟ್ಟು ಇಟ್ಟ. ಇಷ್ಟು ಬಿಟ್ಟರೆ ಆ ಕಡೆ ಹೋಗ್ತೀಯ. ಮಗಳು ಬಟ್ಟುಗಳನ್ನು ನೋಡಿದಳು, ಅಪ್ಪನ ಮುಖ ನೋಡಿದಳು.

“ನಂಗೆ ಗೊತ್ತಪ್ಪಾ,” ಎಂದಳು.

ಹೇಳಿಸಿಕೊಳ್ಳುವ ತಾಳ್ಮೆ ಇಲ್ಲ ಎಂದುಕೊಂಡು ಅವನು ಬಟ್ಟುಗಳನ್ನು ಪೆಟ್ಟಿಗೆಗೆ ಹಾಕಿದ.

ಆಮೇಲೆ ಅವಳಿಗೆ ಜ್ವರ ಬಂತು. ಜ್ವರ ಬಿಡಲಿಲ್ಲ.

ಮನೆಯಲ್ಲಿ ಅವಳ ಹೆಸರೆತ್ತುವುದು ನಿಂತಿತು. ಗಂಡ ಹೆಂಡತಿ ‘ಅವಳು’ ಎಂದೇ ಹೇಳಿಕೊಂಡರು. ಅವಳ ತಟ್ಟೆ, ಅವಳ ಲಂಗ, ಅವಳು ಕೂರುತ್ತಿದ್ದ ಮಣೆ. ಹೆಸರಿಲ್ಲದ ಮಾತು ಮುಳ್ಳಿಲ್ಲದ ತಕ್ಕಡಿಯ ಹಾಗೆ ಎಂದು ತೂಕದವನಿಗೆ ಅನ್ನಿಸುತ್ತಿತ್ತು. ಏನನ್ನು ಇಟ್ಟರೂ ಎಷ್ಟು ಎಂದು ತಿಳಿಯುವುದಿಲ್ಲ. ಅವನು ಪೇಟೆಯಲ್ಲಿ ನಡೆಯುವಾಗ ಹೆಸರು ಗಂಟಲಿನವರೆಗೆ ಬರುತ್ತಿತ್ತು. ಅದನ್ನು ನುಂಗಿ ಮುಂದಿನ ಅಂಗಡಿಗೆ ಹೋಗುತ್ತಿದ್ದ. ಅದನ್ನು ಒಮ್ಮೆ ಗಟ್ಟಿಯಾಗಿ ಕೂಗಬೇಕು. ಅದಕ್ಕಿಂತ ಹೆಚ್ಚಿನದೇನೂ ಅವನಿಗೆ ಬೇಕಿರಲಿಲ್ಲ.

ತಾಯಿ ಆಡಲಾರೆ ಎಂದಳು. ಆ ಬೊಂಬೆಯನ್ನು ಕಣ್ಣೆತ್ತಿ ನೋಡುವುದೂ ತನ್ನಿಂದಾಗದು ಎಂದು ಅಡುಗೆಮನೆಗೆ ಹೋದಳು. ಆದ್ದರಿಂದ ತೂಕದವನು ಮಗಳ ಟೇಪನ್ನು ಹಾಕಿದ. ಬೀದಿ ನಿಂತಿತು. ಪಟ್ಟಿಗಳು ಓಡಿದವು. ಚಿತ್ರ ಮೂಡಿತು. ‘ಬಂತು’ ಎನ್ನುವುದು ತನ್ನ ಕೆಲಸವೆಂದು ಅವನಿಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಬೀದಿ ಕಾದಿತ್ತು.

ಅವನು ಕೀಗಳನ್ನು ಮುಟ್ಟಿ ಎಷ್ಟೋ ವರ್ಷವಾಗಿತ್ತು. ಬಾವಲಿಗಳ ಕೋಣೆಯನ್ನೇ ದಾಟಲಾಗಲಿಲ್ಲ. ಮರುದಿನವೂ ಆಗಲಿಲ್ಲ. ಬಾಗಿಲಲ್ಲಿ ನಿಂತು ನೋಡಿದವರು ತಲೆ ತಗ್ಗಿಸಿಕೊಂಡು ಹೋದರು. ಮಗಳು ಆಡುತ್ತ ಆಡುತ್ತಲೇ ದಾಟುತ್ತಿದ್ದ ಜಾಗ ಅಪ್ಪನಿಗೆ ಗೋಡೆಯಾಗಿತ್ತು. ಇಲ್ಲಿ ಬಿದ್ದರೆ ಅದು ಅವನ ಸೋಲೇ ಹೊರತು ಅವಳದಲ್ಲ.

ಹೀಗೇ ನಡೆಯುತ್ತಿದ್ದಾಗ ಒಂದು ದಿನ ಬಡಿಸುತ್ತ ಹೆಂಡತಿ ಹೇಳಿದಳು.

“ಟೇಪು ಸವೆದಿದೆಯೇನೋ, ನೋಡಿ. ಅವಳು ಆಡುವಾಗ ಒಂದು ಸದ್ದು ಬರ್ತಿತ್ತು. ತೊಟ್ಟು ತೊಟ್ಟಾಗಿ ನೀರು ಬಿದ್ದ ಹಾಗೆ. ಈಗ ಅದು ಬರೋದೇ ಇಲ್ಲ.”

ಅವನು ಕರಾರುವಾಕ್ಕಾದ ಮನುಷ್ಯ. ಊಟ ಮುಗಿಸಿ ರೆಕಾರ್ಡರಿನ ಮುಚ್ಚಳ ತೆಗೆದ. ಟೇಪು ಉಜ್ಜಿಕೊಂಡು ಹೋಗುವ ತಲೆಯನ್ನು ಹತ್ತಿಯಿಂದ ಒರೆಸಿದ, ಅದರ ಪಕ್ಕದ ಪುಟ್ಟ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದ. ಟೇಪಿನ ಕೂಗು ಚೊಕ್ಕಟವಾಯಿತು. ಹೆಂಡತಿ ಕಿವಿಗೊಟ್ಟು ಕೇಳಿ, ಇಲ್ಲ, ಆ ಸದ್ದು ಇದರಲ್ಲಿಲ್ಲ ಎಂದಳು. ಬಾವಲಿಯ ರೆಕ್ಕೆ ಸದ್ದೇ? ಅಲ್ಲ. ಹಲಗೆಯದೇ? ಅದೂ ಅಲ್ಲ. ಅವನು ಇನ್ನೊಮ್ಮೆ ಒರೆಸಿದ. ಕೊನೆಗೆ, ಟೇಪು ತನ್ನ ಒಂದು ಸದ್ದನ್ನು ಆಗಲೇ ಕಳೆದುಕೊಂಡಿದೆ, ಉಳಿದದ್ದೂ ಹೀಗೇ ಹೋಗುತ್ತದೆ ಎಂದು ತೀರ್ಮಾನಿಸಿಕೊಂಡ. ಅವನಿಗೆ ಭಯ ಹತ್ತಿತು.

ಆಗ ಅವನು ಪೇಟೆಯ ಕ್ಷೌರದವನ ಬಳಿ ಹೋದ. ಕೈಚಳಕದಲ್ಲಿ ಆ ಊರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ತನ್ನ ತಂದೆಗೂ ತಾಯಿಗೂ ಅವನೇ ಜೊತೆಬಿದ್ದಿದ್ದ. ಗಿರಾಕಿಯ ಕೆನ್ನೆಗೆ ನೊರೆ ಹಚ್ಚುತ್ತಲೇ ತೂಕದವನ ಮಾತನ್ನು ಪೂರ್ತಿ ಕೇಳಿಸಿಕೊಂಡ.

“ತೂಕದಣ್ಣ, ನಿಮ್ಮ ಕೈ ನಂಗೊತ್ತು. ನನ್ನ ಗಲ್ಲಾಪೆಟ್ಟಿಗೇನೂ ಅದು ತೂಗಿಬಿಡುತ್ತೆ. ಆದ್ರೆ ಬಾವಲಿ ಬರುವಾಗ ತೂಗ್ತಾ ಕೂತ್ರೆ ಅದು ಮೂಗು ಕಿತ್ಕೊಂಡು ಹೋಗುತ್ತೆ. ಸಂಜೆ ಬರ್ತೀನಿ, ಕಾಫಿ ಇಡೋಕೆ ಹೇಳಿ.”

ಅವನು ಸಂಜೆಸಂಜೆ ಬಂದ. ಪಕ್ಕದಲ್ಲಿ ಕೂತು ತೂಕದವನ ಮಣಿಕಟ್ಟನ್ನು ಹಿಡಿದು ಅಲ್ಲಾಡಿಸಿ, ಇದೇನು ಕಬ್ಬಿಣವೋ ಕೈಯೋ ಎಂದು ರೇಗಿಸಿದ. ಬಾವಲಿಗಳು ಬರುವುದಕ್ಕೆ ಒಂದು ಉಸಿರಿದೆ, ಅದನ್ನು ಹಿಡಿಯಿರಿ ಎಂದ. ಹಲಗೆ ಹೊರಟ ಮೇಲೆ ಹಾರಬೇಡಿ, ಬರುವ ಮೊದಲೇ ಹಾರಿ ಎಂದ. ತೂಕದವನು ತನ್ನದೇ ರೀತಿಯಲ್ಲಿ ಕಲಿತ. ಒಂದೊಂದು ಒತ್ತುವಿಕೆಯನ್ನೂ ಬೆರಳಿನಲ್ಲಿ ತೂಗಿ ಇಟ್ಟುಕೊಂಡ. ಇದು ಸಾಸಿವೆಯಷ್ಟು, ಇದು ಕಡಲೆಯಷ್ಟು, ಇದು ಅಡಿಕೆಯಷ್ಟು. ಒಮ್ಮೆ ತೂಗಿದ್ದನ್ನು ಅವನ ಬೆರಳು ಮರೆಯುತ್ತಿರಲಿಲ್ಲ. ಬಾವಲಿಗಳು ಹಿಂದಾದವು. ಹಲಗೆ ಹಿಂದಾಯಿತು. ಬಂಡೆ ಬಹಳ ದಿನ ಕಾಡಿತು, ಆಮೇಲೆ ಅದೂ ಹಿಂದಾಯಿತು.

ಬೊಂಬೆ ಮೊದಲ ಬಾರಿ ಬಾವಿಯ ಕೋಣೆಗೆ ಕಾಲಿಟ್ಟ ಸಂಜೆ ಮಳೆ ಬಂದು ನಿಂತಿತ್ತು. ತೂಕದವನು ಬಾವಿಯನ್ನು ಕಂಡ. ಅವನು ಏನನ್ನೂ ಯೋಚಿಸಲಿಲ್ಲ, ಅವನ ಬೆರಳು ಯೋಚಿಸಿತು. ಮಗಳ ಬೆರಳಿನ ಮೇಲೆ ತಾನೇ ಇಟ್ಟಿದ್ದ ಆ ಎರಡನೆಯ ಬಟ್ಟಿನ ಭಾರವನ್ನು ಅದು ಸರಿಯಾಗಿ ಕೀಯ ಮೇಲೆ ಇಟ್ಟಿತು. ಬೊಂಬೆ ಎದ್ದಿತು. ದೀಪ ಬಾವಿಯ ಮೇಲೆ ಹಾದುಹೋಗತೊಡಗಿತು. ಅದು ಆಚೆ ದಡಕ್ಕೆ ಹೋಗುತ್ತಿದೆಯೆಂದು ನೋಡುವ ಯಾರಿಗೂ ತಿಳಿಯುವಂತಿತ್ತು.

ಕ್ಷೌರದವನು ಎದ್ದು ಗೋಡೆಯ ಸ್ವಿಚ್ಚನ್ನು ಆರಿಸಿದ.

ಟಿವಿ ಒಂದು ಚುಕ್ಕೆಯಾಗಿ ಕುಗ್ಗಿ ಕತ್ತಲಾಯಿತು. ಕಾಫಿಲೋಟ ಉರುಳಿತ್ತು. ಇಬ್ಬರೂ ಅದನ್ನು ಎತ್ತಲಿಲ್ಲ.

“ಇನ್ನೊಂದು ಚಿಟಿಕೆ ಹೊತ್ತು ಸುಮ್ನಿದ್ದಿದ್ರೆ ಆ ಮಗು ಹೆಸರು ಹೋಗ್ತಿತ್ತು,” ಎಂದ ಕ್ಷೌರದವನು. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. “ನಮ್ಮಪ್ಪನ ಜಾಗ ಬಂದಾಗ ನಂಗೆ ಕಣ್ಣೇ ಕಾಣಲಿಲ್ಲ ಅಣ್ಣ. ನಿಮ್ಮ ಕಣ್ಣಲ್ಲಿ ನೀರು ನೋಡಿದೀನಿ, ಇಲ್ಲ ಅನ್ನಲ್ಲ. ಆದ್ರೆ ನಿಮ್ಮ ಕೈ ಅಳಲ್ಲ.”

ತೂಕದವನು ತನ್ನ ಬಲಗೈಯನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡು ನೋಡಿದ. ಕೈ ಸುಮ್ಮನೆ ಬಿದ್ದಿತ್ತು.

ಅಂದಿನಿಂದ ಅವನ ಕಷ್ಟ ಬೇರೆಯಾಯಿತು. ಮೊದಲು ಬಾವಿಯವರೆಗೆ ಹೋಗಲಾಗುತ್ತಿರಲಿಲ್ಲ. ಈಗ ಬಾವಿಯಲ್ಲಿ ಬೀಳಲಾಗುತ್ತಿರಲಿಲ್ಲ. ಹಾರಿದರೆ ಕೈ ದಾಟಿಸಿಬಿಡುತ್ತದೆ. ಭಾರ ಕಡಿಮೆ ಮಾಡಿ ಒತ್ತಿದರೆ ಅದು ಬೇಕೆಂದು ಬಿದ್ದದ್ದು, ಟೇಪಿನಜ್ಜಿಯ ಕಣ್ಣಿಗೆ ಬೀಳುತ್ತದೆ. ಅವಳ ಕಣ್ಣಿಗೆ ಬೀಳದಿದ್ದರೂ ಅವನಿಗೇ ಗೊತ್ತಿರುತ್ತದೆ. ಬದುಕೆಲ್ಲ ಕಳ್ಳತೂಕವನ್ನು ಪತ್ತೆಹಚ್ಚಿದವನು ಮಗಳ ಹೆಸರನ್ನು ಕಳ್ಳತೂಕದಲ್ಲಿ ತರುವುದು ಹೇಗೆ? ಕೈಗೆ ತೂಕವನ್ನು ಮರೆಸಲು ನೋಡಿದ. ಕೆಲಸದಲ್ಲಿ ಎಡಗೈ ಬಳಸಿದ. ಬಟ್ಟುಗಳ ಪೆಟ್ಟಿಗೆಯನ್ನು ಮನೆಯಲ್ಲೇ ಬಿಟ್ಟು ಪೇಟೆಗೆ ಹೋದ. ಹಣ್ಣಿನ ಅಂಗಡಿಯಲ್ಲಿ ಯಾರೋ ಕೈಗೆ ಒಂದು ದಾಳಿಂಬೆ ಕೊಟ್ಟರೆ, ಬೇಡಬೇಡವೆಂದರೂ ಅದರ ತೂಕ ತಿಳಿದುಬಿಟ್ಟಿತು.

ಇಷ್ಟರ ನಡುವೆ ಟೇಪು ನಿಜವಾಗಿಯೇ ಸೋತಿತು. ಒಂದು ಸಲ ಹಾಕಿದಾಗ ಪಟ್ಟಿಗಳು ಅರ್ಧಕ್ಕೆ ನಿಂತವು. ಬೀದಿ ಬಹಳ ಹೊತ್ತು ಕಾದು, ‘ಬಂತು’ ಎಂಬ ಮಾತು ಬಾರದೆ, ಒಬ್ಬೊಬ್ಬರಾಗಿ ಸದ್ದಿಲ್ಲದೆ ನಡೆದುಹೋಯಿತು. ಟೇಪಿನಜ್ಜಿ ಬಂದು ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿದಳು. ಕಂದು ಪಟ್ಟಿಯಲ್ಲಿ ಅಲ್ಲಲ್ಲಿ ಬೆಳಕು ತೂರಿ ಬರುತ್ತಿತ್ತು.

“ಇನ್ನೊಂದ್ಸಲ ಕೂಗಬಹುದು ಮಗಾ,” ಎಂದಳು. “ಅದರ ಮೇಲೆ ನಾನು ಹೇಳಲಾರೆ.”

ತೂಕದವನು ತನ್ನ ಸಂಕಟವನ್ನೆಲ್ಲ ಅವಳ ಮುಂದೆ ಹೇಳಿಕೊಂಡ. ದಾಟುವುದು ತಪ್ಪು, ಬೇಕೆಂದು ಬೀಳುವುದು ತಪ್ಪು, ತನ್ನ ಕೈಗೆ ಬೀಳುವುದು ಬರುವುದಿಲ್ಲ, ತಾನೇನು ಮಾಡಬೇಕು ಎಂದು ಕೇಳಿದ. ಅಜ್ಜಿ ಸೆರಗಿನಿಂದ ಕ್ಯಾಸೆಟ್ಟನ್ನು ಒರೆಸಿ ಅವನ ಕೈಗಿಟ್ಟಳು. ಬಿದ್ದದ್ದು ಹೌದೋ ಅಲ್ಲವೋ ಎಂದು ಹೇಳುವುದಷ್ಟೇ ತನಗೆ ಗೊತ್ತು, ಬೀಳುವುದು ಹೇಗೆಂದು ಈವರೆಗೆ ಯಾರೂ ತನ್ನನ್ನು ಕೇಳಿರಲಿಲ್ಲ ಎಂದಳು.

ಗೊತ್ತುಮಾಡಿದ ದಿನ ಬಂತು. ಮಧ್ಯಾಹ್ನದ ಬಿಸಿಲು ಹೊಸ್ತಿಲಿನವರೆಗೆ ಬಂದಿತ್ತು. ಟೇಪಿನಜ್ಜಿ ತೂಕದವನ ಹಿಂದೆ ಚಾಪೆಯ ಮೇಲೆ ಕೂತಳು. ಕ್ಷೌರದವನು ಅಂಗಡಿಯ ಬಾಗಿಲು ಹಾಕಿ ಬಂದು ಸ್ವಿಚ್ಚಿನಿಂದ ದೂರ, ಕೈಕಟ್ಟಿಕೊಂಡು ನಿಂತ. ಇವತ್ತು ಅದನ್ನು ಮುಟ್ಟುವ ಹಕ್ಕು ಯಾರಿಗೂ ಇರಲಿಲ್ಲ. ತಾಯಿ ಅಡುಗೆಮನೆಯಲ್ಲಿ ಸಾರಿಗೆ ಇಟ್ಟಿದ್ದಳು. ಬೀದಿಯವರು ಅಂಗಳದಲ್ಲಿ ನೆರೆದಿದ್ದರು.

ಟೇಪು ಕೂಗಿತು. ಕೂಗು ಅಲ್ಲಲ್ಲಿ ತೆಳುವಾಗಿ, ಮುರಿದೇ ಹೋಗುವಂತಾಗಿ, ಮತ್ತೆ ಕೂಡಿಕೊಂಡಿತು. ಕೆಂಪು ನೀಲಿ ಹಳದಿ ಪಟ್ಟಿಗಳು ಓಡಿದವು. ಅಂಗಳದಲ್ಲಿ ಯಾರೂ ಕೆಮ್ಮಲಿಲ್ಲ. ಒಂದು ಮಗುವಿನ ಬಾಯಿಯ ಮೇಲೆ ಅದರ ತಾಯಿ ಅಂಗೈ ಇಟ್ಟಿದ್ದಳು. ಪಟ್ಟಿಗಳು ಅಳಿಸಿದವು. ಬೊಂಬೆ ಮೂಡಿತು, ಕೈಯಲ್ಲಿ ದೀಪ ಹಿಡಿದು.

“ಬಂತು,” ಎಂದ ತೂಕದವನು.

ಬಾವಲಿಗಳು ಬಂದವು, ಹೋದವು. ಹಲಗೆ ಬರುವ ಮೊದಲೇ ಬೊಂಬೆ ಹಾರಿತು. ಬಂಡೆ ಉರುಳಿ ಹಿಂದೆ ಹೋಯಿತು. ಎಲ್ಲವೂ ತೂಗಿ ಇಟ್ಟಂತೆ ನಡೆಯಿತು. ಬೊಂಬೆ ಬಾವಿಯ ಕೋಣೆಗೆ ಕಾಲಿಟ್ಟು ದಡದ ಹತ್ತಿರ ಬಂತು. ಅಲ್ಲಿ ತೂಕದವನು ಕೈ ಎತ್ತಿದ.

ಹಾರಲಾರ. ಬೀಳಲಾರ. ಅವನು ಎರಡೂ ಕೈಗಳನ್ನು ಕೀಗಳ ಮೇಲಿನಿಂದ ತೆಗೆದು ಎದೆಗೆ ಒತ್ತಿಕೊಂಡ. ಇಷ್ಟು ದಿನಗಳ ಆಟದಲ್ಲಿ ಅವನು ಒಂದು ಕ್ಷಣವೂ ನಿಂತವನಲ್ಲ. ಎಣ್ಣೆ ತೀರುತ್ತಿರುವಾಗ ನಿಲ್ಲುವುದುಂಟೇ? ಈಗ ನಿಂತ. ಕೆಳಗೆ ಎಣ್ಣೆಯ ಪಟ್ಟಿ ಕಿರಿದಾಗುತ್ತಿತ್ತು. ಅಂಗಳದಲ್ಲಿ ಯಾರೋ, ಏನಾಯ್ತಂತೆ ಎಂದು ಪಿಸುಗುಟ್ಟಿದರು.

ಬೊಂಬೆ ಸ್ವಲ್ಪ ಹೊತ್ತು ನಿಂತಿತು. ಯಾರೂ ತನ್ನನ್ನು ಓಡಿಸುತ್ತಿಲ್ಲವೆಂದು ತಿಳಿಯಲು ಅದಕ್ಕೂ ಸಮಯ ಬೇಕಾದಂತೆ ಕಾದು, ಆಮೇಲೆ ಅದು ಮೆಲ್ಲಗೆ ಕೂತಿತು. ಬಾವಿಯ ದಡದಲ್ಲಿ ಕೂತು ಕಾಲುಗಳನ್ನು ಒಳಗೆ ಇಳಿಬಿಟ್ಟಿತು. ದೀಪವನ್ನು ಪಕ್ಕದಲ್ಲಿ ಇಟ್ಟಿತು. ಬಾವಿಯ ಕಪ್ಪಿನಲ್ಲಿ, ಇದುವರೆಗೆ ಏನೂ ಇಲ್ಲದಲ್ಲಿ, ಒಂದು ಹಳದಿ ಚೌಕ ಮೂಡಿತು. ದೀಪದ ಬಿಂಬ ನೀರಿನಲ್ಲಿ. ಬೊಂಬೆ ತಲೆ ತಗ್ಗಿಸಿ ಅದನ್ನು ನೋಡಿತು. ಅದರ ಕಾಲುಗಳು ಮೆಲ್ಲಗೆ ಆಡತೊಡಗಿದವು, ಹಿಂದೆ, ಮುಂದೆ. ಯಂತ್ರದಿಂದ ಒಂದು ಸದ್ದು ಬಂತು. ತೊಟ್ಟು. ಬಿಟ್ಟು, ಇನ್ನೊಂದು ತೊಟ್ಟು.

ಅಡುಗೆಮನೆಯಲ್ಲಿ ಸೌಟು ನಿಂತಿತು.

ತಾಯಿ ಕೈ ಒರೆಸಿಕೊಳ್ಳದೆ ಬಾಗಿಲಿಗೆ ಬಂದಳು. ಆ ಬೊಂಬೆಯನ್ನು ನೋಡಲಾರೆ ಎಂದಿದ್ದವಳು ಈಗ ನೋಡಿದಳು.

“ಇದೇ ರೀ,” ಎಂದಳು. “ಇದೇ ಸದ್ದು. ದಿನಾ ಸಂಜೆ ಇದೇ ಬರ್ತಿತ್ತು.”

ಟೇಪಿನಜ್ಜಿ ಎಷ್ಟೋ ವರ್ಷಗಳ ಮೇಲೆ ಆಡುವವರ ಕೈಗಳಿಂದ ಕಣ್ಣು ತೆಗೆದು ಟಿವಿಯ ಕಡೆ ನೋಡುತ್ತಿದ್ದಳು. ದಿನಾ ಎಂದರೆ ಎಷ್ಟು ಹೊತ್ತು ಎಂದು ಮೆಲ್ಲಗೆ ಕೇಳಿದಳು. ಬಹಳ ಹೊತ್ತು, ಎಂದಳು ತಾಯಿ, ಸಾರು ಕುದಿಯುವಷ್ಟು ಹೊತ್ತು. ಆಟವೆಂದರೆ ಈ ಸದ್ದೇ ಎಂದು ತಾನು ತಿಳಿದಿದ್ದಳಂತೆ. ಅದು ನಿಂತಿತೆಂದರೆ ಅವಳ ಆಟ ಮುಗಿಯಿತೆಂದು ಊಟಕ್ಕೆ ಕರೆಯುತ್ತಿದ್ದಳಂತೆ.

ತೂಕದವನಿಗೆ ಬೆರಳಿನ ಮೇಲಿನ ಎರಡು ಬಟ್ಟುಗಳು ನೆನಪಾದವು. ಅವನ್ನು ನೋಡಿ, ತನ್ನ ಮುಖ ನೋಡಿ, ಮಗಳು ಹೇಳಿದ್ದ ಮಾತು ನೆನಪಾಯಿತು. ಅವಳಿಗೆ ಗೊತ್ತಿತ್ತು. ಬೀಳುವ ಭಾರವೂ ಗೊತ್ತಿತ್ತು, ದಾಟುವ ಭಾರವೂ ಗೊತ್ತಿತ್ತು. ಅವಳು ಬಾವಿಗೆ ಒಂದು ದಿನವೂ ಬಿದ್ದಿರಲಿಲ್ಲ. ಬಾವಲಿಗಳನ್ನು, ಹಲಗೆಯನ್ನು, ಬಂಡೆಯನ್ನು ಅವಳು ದಾಟುತ್ತಿದ್ದದ್ದು ಇಲ್ಲಿ ಬಂದು ಕೂರುವುದಕ್ಕೆ. ಎಲ್ಲಿ ಎಂದು ಕೇಳಿದವರಿಗೆಲ್ಲ ನಿಜವನ್ನೇ ಹೇಳಿದ್ದಳು. ಬಾವಿ ಹತ್ತಿರ. ಬಿದ್ದಳೆಂದು ಸೇರಿಸಿಕೊಂಡವರು ಅವರು, ಅವನು.

ಎಣ್ಣೆಯ ಪಟ್ಟಿ ಎಳೆಯಷ್ಟಾಯಿತು. ಒಂದು ಕೀ ಒತ್ತಿದರೆ ಬೊಂಬೆ ಎದ್ದು ನಿಲ್ಲುತ್ತಿತ್ತೇನೋ, ಇನ್ನೂ ಹಾರಬಹುದಿತ್ತೇನೋ. ಅವನ ಕೈಗಳು ಎದೆಯ ಮೇಲಿದ್ದವು. ಅವು ನಡುಗುತ್ತಿದ್ದವು. ಅದನ್ನು ಕ್ಷೌರದವನು ನೋಡಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ತೊಟ್ಟು. ಕಾಲುಗಳು ಹಿಂದೆ, ಮುಂದೆ. ತೊಟ್ಟು. ನೀರಿನೊಳಗಿನ ಹಳದಿ ಚೌಕ ಮಸುಕಾಯಿತು. ದಡದ ಮೇಲಿನದೂ ಮಸುಕಾಯಿತು. ಎರಡೂ ಒಟ್ಟಿಗೆ ಆರಿದವು.

ಸದ್ದು ನಿಂತಿತು.

ಜೊತೆಬಿದ್ದದ್ದು ಹೌದೆಂದು ಟೇಪಿನಜ್ಜಿ ಹೇಳಬೇಕು. ಆಮೇಲೆ ಮನೆಯ ಹಿರಿಯರು ಹೆಸರು ಹಿಡಿದು ಕರೆಯಬೇಕು. ಕಟ್ಟಳೆ ಇದ್ದದ್ದು ಹಾಗೆ. ಆದರೆ ಅಜ್ಜಿ ಬಾಯಿ ತೆರೆಯುವ ಮೊದಲೇ, ಸದ್ದು ನಿಂತದ್ದೇ ತಡ, ಬಾಗಿಲಲ್ಲಿ ನಿಂತಿದ್ದ ತಾಯಿ ದಿನಾ ಕರೆಯುತ್ತಿದ್ದ ಹಾಗೆ, ಅದೇ ದನಿಯಲ್ಲಿ, ಸ್ವಲ್ಪ ಗದರಿಕೆ ಸೇರಿಸಿ ಕರೆದಳು.

“ಸುಮಿತ್ರೆ, ಸಾಕು ಆಟ. ಊಟಕ್ಕೆ ಬಾ.”

ಕರೆದ ಮೇಲೆ ಅವಳಿಗೆ ಅರಿವಾಯಿತು. ಕೈ ಬಾಯಿಗೆ ಹೋಯಿತು. ಮೊದಲೇ ಹೆಸರೆತ್ತಿ ಎಲ್ಲವನ್ನೂ ಕೆಡಿಸಿಬಿಟ್ಟೆನೋ ಎಂದು ಅಜ್ಜಿಯ ಕಡೆ ನೋಡಿದಳು. ಅಂಗಳದವರೆಲ್ಲ ಅಜ್ಜಿಯ ಕಡೆ ನೋಡಿದರು. ಅಜ್ಜಿ ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಎದ್ದಳು.

“ಕರೆಯೋಳು ಕರೆದಾಯ್ತಲ್ಲ, ಇನ್ನು ನಾನು ಹೇಳೋದೇನಿದೆ,” ಎಂದು ತೂಕದವನ ಭುಜ ಮುಟ್ಟಿದಳು. “ನೀನೂ ಕರಿ ಮಗಾ. ಊಟ ಆರೋಗುತ್ತೆ.”

ತೂಕದವನು ಕರೆದ. ದನಿ ಒಡೆದಿತ್ತು, ಆದರೂ ಅಂಗಳದವರೆಗೆ ಕೇಳಿಸಿತು. ಹೂವಿನವಳು ಆ ಹೆಸರನ್ನು ಎತ್ತಿಕೊಂಡು ಒಮ್ಮೆ ಹೇಳಿದಳು. ಅವಳ ಪಕ್ಕದವರು ಹೇಳಿದರು. ಹೆಸರು ಗೇಟು ದಾಟಿ ಬೀದಿಯಲ್ಲಿ ಮನೆಯಿಂದ ಮನೆಗೆ ನಡೆದು, ಕೊನೆಯ ಮನೆಯ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದವರ ಬಾಯಲ್ಲಿಯೂ ಬಂತು.

ಆ ಟೇಪು ಇನ್ನೊಮ್ಮೆ ಕೂಗುವ ಭರವಸೆ ಇರಲಿಲ್ಲ. ಆದರೂ ಕಟ್ಟಳೆಯಂತೆ ಅದನ್ನು ಕೊಡಬೇಕಿತ್ತು. ತೂಕದವನು ರೆಕಾರ್ಡರಿನ ತಲೆ ಒರೆಸಿ, ಸುರುಳಿಯನ್ನು ಬೆರಳಿನಿಂದ ಬಿಗಿ ಮಾಡಿ, ಮೊದಲ ಹಲ್ಲು ಬಿದ್ದಿದ್ದ ಒಂದು ಹುಡುಗಿಯ ಮನೆಗೆ ತಾನೇ ತೆಗೆದುಕೊಂಡು ಹೋದ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಿರುಗಿಸಿ ನೋಡಿದಳು. ಟೇಪು ತೆಗೆದುಕೊಂಡವರು ಕೇಳಲೇಬೇಕಾದ ಒಂದು ಪ್ರಶ್ನೆ ಇತ್ತು. ಮನೆಯವರು ಅವಳಿಗೆ ಅದನ್ನು ಹೇಳಿಕೊಟ್ಟಿದ್ದರು.

“ಸುಮಿತ್ರಕ್ಕ ಎಲ್ಲಿ ಸೋಲ್ತಿದ್ಲು?”

“ಬಾವಿ ಹತ್ತಿರ.”

“ಬಿದ್ದಾ?”

ತೂಕದವನ ಬೆರಳು ತಾನಾಗಿಯೇ ಪೆಟ್ಟಿಗೆಯ ಕಡೆ, ಆ ಎರಡು ಚಿಕ್ಕ ಬಟ್ಟುಗಳ ಕಡೆ ಹೋಯಿತು. ಅವನು ಅದನ್ನು ಹಿಂದಕ್ಕೆ ಎಳೆದುಕೊಂಡ.

“ಇಲ್ಲಮ್ಮ,” ಎಂದ. “ಕೂತು.”